ಯಾತ್ರೆಯ ಗಂಟು

ಸಮ್ಮೇದ ಶಿಖರಜಿಗೆ ಹೊರಡುವ ಕಾರ್ಕಳದ ಶ್ರಾವಕ ಕುಟುಂಬಗಳಲ್ಲಿ ಈಗ ಯಾತ್ರೆಗೆ ತಿಂಗಳಿರುವಾಗಲೇ ಖರೀದಿ ಆರಂಭವಾಗುತ್ತದೆ. ಬೆನ್ನಿಗೆ ಹಾಕುವ ದೊಡ್ಡ ಬ್ಯಾಗು, ಚಾರಣದ ಬೂಟು, ಮಡಚುವ ಕೋಲು, ಸ್ಲೀಪಿಂಗ್ ಬ್ಯಾಗು, ಎಲ್ಲವೂ ರಿಯಾಯಿತಿ ದರದಲ್ಲಿ. ಐದು ಸಾವಿರದ ಬ್ಯಾಗು ಮೂರು ಸಾವಿರಕ್ಕೆ ದೊರೆತರೆ ಎರಡು ಸಾವಿರ ಉಳಿಯಿತೆಂದು ಮನೆಮಂದಿ ಹರ್ಷಿಸುತ್ತಾರೆ. ವ್ಯಾಪಾರಸ್ಥರ ಮನೆಗಳಲ್ಲಿಯೂ ಈ ಲೆಕ್ಕ ನಡೆಯುವುದು ಆಶ್ಚರ್ಯವೇ ಸರಿ. ಖಾತೆ ಪುಸ್ತಕದಲ್ಲಿ ಬರೆಯಬೇಕಾದುದು ಮೂರು ಸಾವಿರದ ಖರ್ಚು ಮಾತ್ರ. ಆ ಬ್ಯಾಗು ಹತ್ತು ವರ್ಷಗಳಲ್ಲಿ ಎರಡು ಯಾತ್ರೆ ಕಂಡರೆ ಒಂದೊಂದು ಯಾತ್ರೆಗೆ ಬಿದ್ದ ವೆಚ್ಚ ಸಾವಿರದ ಐನೂರು. ಉಳಿದ ಕಾಲವೆಲ್ಲ ಅದು ಅಟ್ಟದ ಮೇಲೆ, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿರುತ್ತದೆ.

ಶಿಖರಜಿಯಾದರೂ ಯಾತ್ರಿಕನಿಂದ ಏನನ್ನು ಬೇಡುತ್ತದೆ? ಜಾರ್ಖಂಡದ ಮಧುವನದಿಂದ ಒಂಬತ್ತು ಕಿ.ಮೀ. ಏರು, ಟೋಂಕುಗಳ ವಂದನೆಗೆ ಒಂಬತ್ತು, ಇಳಿಯಲು ಒಂಬತ್ತು, ಒಟ್ಟು 27 ಕಿ.ಮೀ. ನಸುಕಿಗೆ ಮುನ್ನ ಹೊರಟವರು ಅಂದೇ ಮರಳಿ ಧರ್ಮಶಾಲೆ ಸೇರುತ್ತಾರೆ. ಹಲವರು ಏರುವುದು ಬರಿಗಾಲಿನಲ್ಲೇ. ಅವರಿಗೆ ಚಾರಣದ ಬೂಟು ಏತಕ್ಕೆ? ಚಳಿಗಾಲವಾದರೆ ಕಂಬಳಿ ಬೇಕು, ಟಾರ್ಚು ಬೇಕು, ನೀರು ಸೋಸುವ ಬಟ್ಟೆ ಬೇಕು. ರೈಲಿನಲ್ಲಿ ಕಳೆಯುವ ದಿನಗಳಿಗೆ ಅವಲಕ್ಕಿ, ಹುರಿಗಡಲೆ, ಬೆಲ್ಲ ಇದ್ದರೆ ಸೂರ್ಯಾಸ್ತದೊಳಗಿನ ಆಹಾರಕ್ಕಾಗಿ ನಿಲ್ದಾಣದ ಅಂಗಡಿಗಳನ್ನು ಹುಡುಕಬೇಕಾಗಿಲ್ಲ. ಹಿಮಾಲಯದ ಚಾರಣಕ್ಕೆ ಹೋಗುವ ಯುವಕರಿಗೆ ಸ್ಲೀಪಿಂಗ್ ಬ್ಯಾಗು ಬೇಕಾದೀತು. ಆದರೆ ಅದರೊಳಗೆ ತುಂಬಿರುವುದೇನೆಂದು ಅವರು ವಿಚಾರಿಸಬೇಕು. ಬೆಲೆಬಾಳುವವುಗಳಲ್ಲಿ ಅನೇಕವು ಬಾತುಕೋಳಿಯ ಗರಿಯಿಂದ ತುಂಬಿದವು. ಕೃತಕ ನಾರಿನದು ತೂಕದಲ್ಲಿ ತುಸು ಹೆಚ್ಚು, ಬೆಲೆಯಲ್ಲಿ ಕಡಿಮೆ. ಅಹಿಂಸೆಯೂ ಮಿತವ್ಯಯವೂ ಇಷ್ಟು ಸುಲಭವಾಗಿ ಜೊತೆಗೂಡುವುದು ಅಪರೂಪ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಅತಿಸಂಗ್ರಹವೂ ಇದೆ, ಅತಿಭಾರವಹನವೂ ಇದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಾದರೋ ಅತಿಭಾರಾರೋಪಣವು ಅಹಿಂಸಾಣುವ್ರತದ ಅತಿಚಾರಗಳ ಸಾಲಿನಲ್ಲಿ ಬರುತ್ತದೆ. ಒಂದೇ ಹೊರೆಯನ್ನು ಒಬ್ಬರು ಲೋಭದ ಕಡೆಯಿಂದ, ಇನ್ನೊಬ್ಬರು ಹಿಂಸೆಯ ಕಡೆಯಿಂದ ಕಂಡಿದ್ದಾರೆ.

ಶಿಖರಜಿಯಲ್ಲಿ ಇವೆರಡೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಏರಲಾರದ ಹಿರಿಯರನ್ನು ಡೋಲಿಯವರು ಹೆಗಲ ಮೇಲೆ ಹೊತ್ತೊಯ್ಯುತ್ತಾರೆ. ಸಾವಿರಾರು ರೂಪಾಯಿಯ ಸಾಮಗ್ರಿ ಕೊಂಡು ಬಂದ ಕುಟುಂಬ ಅವರೊಡನೆ ನೂರಿನ್ನೂರಕ್ಕೆ ಚೌಕಾಶಿ ಮಾಡುತ್ತದೆ. ದರ ಕುದುರಿದ ಮೇಲೆ ತುಂಬಿದ ಬ್ಯಾಗನ್ನೂ ಅಜ್ಜಿಯ ಮಡಿಲಲ್ಲಿಡುತ್ತದೆ. ಅಂಗಡಿಯಲ್ಲಿ ಸಡಿಲವಾಗಿದ್ದ ಕೈ ಕೂಲಿಯವನ ಮುಂದೆ ಬಿಗಿಯಾಗುವುದನ್ನು ಮಿತವ್ಯಯವೆಂದು ಕರೆಯಲಾಗದು.

ಇದಕ್ಕೆ ಬಸದಿಗಳ ಆಡಳಿತ ಮಂಡಳಿಗಳು ಒಂದು ಏರ್ಪಾಡು ಮಾಡಬಹುದು. ಸಮಾರಂಭಗಳಿಗೆ ಹಂಡೆ, ಕಡಾಯಿಗಳನ್ನು ಇರಿಸಿಕೊಳ್ಳುವಂತೆ ಹತ್ತು ಕಂಬಳಿ, ಹತ್ತು ಟಾರ್ಚು, ನಾಲ್ಕಾರು ಗಟ್ಟಿ ಬ್ಯಾಗುಗಳನ್ನು ಕಪಾಟಿನಲ್ಲಿರಿಸಿ, ಯಾತ್ರೆಗೆ ಹೋಗುವವರಿಗೆ ರಿಜಿಸ್ಟರಿನಲ್ಲಿ ಸಹಿ ಪಡೆದು ಕೊಡಬಹುದು. ಅಟ್ಟದ ಮೇಲೆ ಸುಮ್ಮನೆ ಬಿದ್ದಿರುವುದನ್ನು ಮನೆಯವರೇ ದಾನವಾಗಿ ಕೊಟ್ಟರೆ ಮೂಲಧನವೂ ಬೇಕಾಗದು. ಇನ್ನೊಬ್ಬರು ಹೊದ್ದ ಕಂಬಳಿಯೆಂದು ಕೆಲವರು ಹಿಂಜರಿಯಬಹುದು. ಧರ್ಮಶಾಲೆಯ ಹಾಸಿಗೆಯ ಮೇಲೆ ಅದೇ ಜನ ನೆಮ್ಮದಿಯಾಗಿ ನಿದ್ರಿಸುತ್ತಾರೆ. ಒಗೆದು, ಬಿಸಿಲಿಗೆ ಹಾಕಿ ಹಿಂದಿರುಗಿಸುವುದು ನಿಯಮವಾಗಿರಲಿ. ಜಿಪ್ಪು ಕಿತ್ತುಹೋದರೆ ಹೊಲಿಸುವ ಖರ್ಚು ಕೊಂಡೊಯ್ದವರದು.