ಹೆಸರೇ ಗೊತ್ತಿಲ್ಲದ ತಮ್ಮ

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಪಿಜಿ ಖಾಲಿ ಮಾಡಿ ಶಿವಮೊಗ್ಗದ ಮನೆಗೆ ಬಂದಿದ್ದೆ. ಹಗಲೆಲ್ಲ ಆಫೀಸ್ ಕೆಲಸ, ರಾತ್ರಿ ಊಟವಾದ ಮೇಲೆ ಪಬ್‌ಜಿ. ಆಟದಲ್ಲೇ ಪರಿಚಯವಾದ ಮೂವರ ಜೊತೆ ಸೇರಿ ನಮ್ಮದೊಂದು ನಾಲ್ವರ ತಂಡ ಆಯ್ತು. ಮಾತಾಡೋಕೆ ಅಂತ ಡಿಸ್ಕಾರ್ಡ್‌ನಲ್ಲಿ ಗುಂಪು ಮಾಡಿಕೊಂಡೆವು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಆಟ ಆಡುವವರ ಹರಟೆ ಹೊಸದೇನಲ್ಲ. ಕ್ವೇಕ್ ಆಟದವರಿಗಾಗಿ 1997ರಲ್ಲೇ ಕ್ವೇಕ್‌ನೆಟ್ ಅನ್ನೋ ಚಾಟ್ ಜಾಲ ಇತ್ತು, ಅಲ್ಲಿ ಎಲ್ಲ ಟೈಪಿಂಗ್. 2015ರಲ್ಲಿ ಬಂದ ಡಿಸ್ಕಾರ್ಡ್‌ನ ವಾಯ್ಸ್ ಚಾನೆಲ್ ಮಾತ್ರ ಮನೆ ಮುಂದಿನ ಜಗಲಿ ಇದ್ದ ಹಾಗೆ. ಯಾರೂ ಫೋನ್ ಮಾಡಿ ಕರೆಯಬೇಕಿಲ್ಲ. ಹೆಸರಿನ ಪಕ್ಕ ಹಸಿರು ಚುಕ್ಕಿ ಇದ್ದರೆ ಆನ್‌ಲೈನ್ ಇದ್ದಾರೆ ಅಂತ. ಹೋಗಿ ಕೂತರೆ ಆಯ್ತು.

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಹುಬ್ಬಳ್ಳಿ ಕಡೆಯ ಹುಡುಗ. ನಾನು ಗುಂಡು ತಿಂದು ಬಿದ್ದಾಗಲೆಲ್ಲ "ತಡೀರಿ ಅಕ್ಕಾರ, ಬಂದೆ" ಅಂತ ಓಡಿಬರುತ್ತಿದ್ದ. ಹಿಂದಿನಿಂದ ಅವನ ಅವ್ವ "ರೊಟ್ಟಿ ಆರಾಕತ್ತಾವ, ಬಾರೋ" ಅಂತ ಕೂಗೋದು ನಮಗೆಲ್ಲ ಕೇಳಿಸುತ್ತಿತ್ತು.

2020ರ ಸೆಪ್ಟೆಂಬರ್ 2ರಂದು ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿಯೂ ಇತ್ತು. ಆಟ ನಿಂತಿತು, ಹರಟೆ ನಿಲ್ಲಲಿಲ್ಲ.

ಮರುವರ್ಷ ಎರಡನೇ ಅಲೆಯ ಹೊತ್ತಿಗೆ ಅವನ ಹಸಿರು ಚುಕ್ಕಿ ಕಾಣೆಯಾಯ್ತು. ಒಂದು ದಿನ, ನಾಲ್ಕು ದಿನ, ಎರಡು ವಾರ. ಆಗ ಹೊಳೆಯಿತು: ಅವನ ಅವ್ವನ ದನಿ ಗೊತ್ತಿರುವ ನಮಗೆ ಅವನ ನಿಜವಾದ ಹೆಸರೇ ಗೊತ್ತಿಲ್ಲ! ಫೋನ್ ನಂಬರ್ ಇಲ್ಲ, ಊರಿನ ಹೆಸರೂ ಇಲ್ಲ. ಯಾರನ್ನು ಅಂತ ಕೇಳೋದು? ದಿನಾ ರಾತ್ರಿ "ಆರಾಮಾ?" ಅಂತ ಒಂದು ಮೆಸೇಜ್ ಹಾಕಿ ಮಲಗುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ.

ಮೂರು ವಾರದ ಮೇಲೆ ಚುಕ್ಕಿ ಹಸಿರಾಯ್ತು.

"ಅಕ್ಕಾರ, ಅಪ್ಪಗ ಕೊರೊನಾ ಆಗಿತ್ರಿ. ನನ್ನ ಮೊಬೈಲ್ ಅವರ ಕೈಯಾಗ ಕೊಟ್ಟು ವಾರ್ಡಿಗೆ ಕಳಿಸಿದ್ದೆ. ನಿಮ್ಮ ನಂಬರ್ ಇದ್ದಿದ್ರ ಅವ್ವನ ಫೋನಿಂದ ಹೇಳ್ತಿದ್ದೆ. ಈಗ ಮನಿಗೆ ಬಂದಾರ."

ನನಗೆ ಮಾತೇ ಹೊರಡಲಿಲ್ಲ. ಅವನೇ ನಗುತ್ತಾ ಹೇಳಿದ: "ಅಪ್ಪ ಕೇಳಿದ್ರು, ದಿನಾ ಆರಾಮಾ ಆರಾಮಾ ಅಂತ ಕೇಳ್ತಾರಲ್ಲ, ಯಾರೋ ಅವರು ಅಂತ. ನಮ್ಮಕ್ಕ ಅಂದೆ."

ಅವತ್ತು ರಾತ್ರಿ ನಾಲ್ವರೂ ನಿಜವಾದ ಹೆಸರು ಹೇಳಿಕೊಂಡೆವು, ನಂಬರ್ ಕೊಟ್ಟುಕೊಂಡೆವು. ಕಂಡಕಂಡವರಿಗೆ ನಂಬರ್ ಕೊಡಿ ಅಂತ ನಾನು ಹೇಳಲ್ಲ. ಆದರೆ ವರ್ಷಗಟ್ಟಲೆ ದಿನಾ ಮಾತಾಡುವವರು ಒಂದು ದಿನ ಬರದಿದ್ದರೆ ವಿಚಾರಿಸೋಕೆ ಒಂದು ದಾರಿ ಇರಲಿ.

ಅವನ ಹೆಸರು ಈಗ ನನಗೆ ಗೊತ್ತು. ಆದರೂ ಫೋನಿನಲ್ಲಿ ಸೇವ್ ಮಾಡಿರೋದು "ತಮ್ಮ" ಅಂತಲೇ.