ದೇವರನ್ನು ಒಪ್ಪದ ಕಥೆ ಹುಡುಕುತ್ತ

ತಿಂಗಳಿಗೊಮ್ಮೆ ಕೂಡಿ ಕನ್ನಡ ಓದುವ ಚೆನ್ನೈನ ನಮ್ಮ ರಾಯಪುರಂ ಗುಂಪಿನಲ್ಲಿ, ಈ ಸಲ ನಾಸ್ತಿಕ ಕಥೆಯೊಂದನ್ನು ಓದೋಣ ಎಂಬ ಮಾತು ಬಂತು. ಆರಿಸುವ ಹೊಣೆ ನನ್ನ ಪಾಲಿಗೆ ಬಿತ್ತು. ಗುಂಪಿನಲ್ಲಿ ಸಂಧ್ಯಾವಂದನೆ ಬಿಡದ ಹಿರಿಯರಿದ್ದಾರೆ, ಭಾನುವಾರ ಚರ್ಚಿಗೆ ತಪ್ಪದ ಟೀಚರ್ ಇದ್ದಾರೆ, ದೇವರ ಸುದ್ದಿಯೇ ಬೇಡವೆನ್ನುವ ಹುಡುಗನೂ ಇದ್ದಾನೆ. ಯಾರೂ ಎದ್ದು ಹೋಗಬಾರದು, ಯಾರೂ ಸುಮ್ಮನೆ ತಲೆದೂಗಲೂಬಾರದು. ಅಂಥ ಪುಸ್ತಕ ಬೇಕು.

ನಮ್ಮ ಬಡಾವಣೆಯೇ ಹಾಗಿದೆ. ದೋಣಿಕಾರರು ಕಟ್ಟಿಸಿದ ಸಂತ ಪೀಟರ್ ಚರ್ಚು ಇಲ್ಲಿದೆ. 1910ರಿಂದ ಪಾರ್ಸಿಗಳ ಅಗ್ನಿ ದೇವಾಲಯವಿದೆ. ಕಾಸಿಮೇಡಿನಿಂದ ಕಡಲಿಗಿಳಿಯುವವರ ಮನೆಯಲ್ಲಿ ಪ್ರಾರ್ಥನೆಯೆಂದರೆ ಹೋದವರು ಮರಳಿ ಬರಲಿ ಎಂಬ ಹಂಬಲ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಕಥೆ ನನಗೆ ಬೇಡ. ಹಾಗೆಂದು ನಾಸ್ತಿಕತೆ ಈ ನಗರಕ್ಕೆ ಹೊಸತೂ ಅಲ್ಲ. 1882ರಲ್ಲೇ ಮದರಾಸಿನ ನಿರೀಶ್ವರವಾದಿಗಳು 'ತತ್ತುವ ವಿವೇಸಿನಿ' ಎಂಬ ತಮಿಳು ಪತ್ರಿಕೆ ಹೊರಡಿಸಿದ್ದರು. ಮುಂದೆ ಈ ನಾಡಿನ ನಾಸ್ತಿಕತೆಗೆ ಹೆಸರಾದ ಪೆರಿಯಾರರ ಮನೆಮಾತು ಕನ್ನಡ.

ಮೊದಲು ಕೈಗೆ ಬಂದದ್ದು ಎ. ಎನ್. ಮೂರ್ತಿರಾವ್ ಅವರ 'ದೇವರು'. ತೊಂಬತ್ತರ ಹೊಸ್ತಿಲಲ್ಲಿ ನಿಂತವರು ಅಷ್ಟು ಸೌಮ್ಯವಾಗಿ, ಅಷ್ಟು ನಿಷ್ಠುರವಾಗಿ ಬರೆದದ್ದು ಕನ್ನಡದ ಪುಣ್ಯ. ಆದರೆ ಅದು ವಿಚಾರ. ವಿಚಾರವನ್ನು ಒಪ್ಪಬಹುದು, ಬಿಡಬಹುದು. ಕಥೆಯಾದರೆ ಇನ್ನೊಬ್ಬರ ಪಾಡಿನೊಳಗೆ ಹೊಕ್ಕು ಬರಬೇಕು.

ಕಾರಂತರ 'ಮೂಕಜ್ಜಿಯ ಕನಸುಗಳು' ಎಲ್ಲರ ಬಾಯಲ್ಲಿತ್ತು. 1968ರಷ್ಟು ಹಿಂದೆಯೇ ಒಬ್ಬ ವಿಧವೆ ಮುದುಕಿಯ ಕೈಯಲ್ಲಿ ದೇವರುಗಳ ಹುಟ್ಟನ್ನು ಕೆದಕಿಸಿದ ಕಾದಂಬರಿ ಅದು. ಆದರೆ ಅಜ್ಜಿಗೆ ವಸ್ತುವನ್ನು ಮುಟ್ಟಿದರೆ ಗತಕಾಲ ಕಾಣುತ್ತದೆ! ನಮ್ಮ ಹಿರಿಯರು ಅದನ್ನೇ ದೈವಕೃಪೆ ಎಂದುಬಿಟ್ಟರೆ ಚರ್ಚೆ ಅಲ್ಲಿಗೇ ನಿಂತೀತು. ಮೇಲಾಗಿ ಆ ಅಜ್ಜಿಯ ಮೇಲೆ ಎಲ್ಲರಿಗೂ ಪ್ರೀತಿ ಹುಟ್ಟುತ್ತದೆ. ಪ್ರೀತಿಸಿದವರೊಡನೆ ಜಗಳವಾಡಲು ಮನಸ್ಸು ಬರುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅನಂತಮೂರ್ತಿಯವರ 'ಭಾರತೀಪುರ' (1973). ಇಂಗ್ಲೆಂಡಿನಿಂದ ಮರಳಿದ ಜಗನ್ನಾಥನಿಗೆ ಊರದೇವರಾದ ಮಂಜುನಾಥನ ಮಹಿಮೆಯನ್ನು ಮುರಿಯಬೇಕು. ಮನೆತನದ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಹೊಲೆಯರ ಮುಂದೆ ಹಿಡಿಯುತ್ತಾನೆ. ಅವರು ಹಿಂದೆ ಸರಿಯುತ್ತಾರೆ. ಅವನು ಮುಟ್ಟಿ ಮುಟ್ಟಿ ಎಂದು ಗದರುತ್ತಾನೆ. ಬಿಡುಗಡೆ ಮಾಡಲು ಹೊರಟವನೇ ಹೆದರಿಸುವ ಧಣಿಯಾಗುತ್ತಾನೆ. ಬರಿಯ ಕಲ್ಲೆಂದು ಸಾಧಿಸಲು ಹೊರಟದ್ದು ಆ ಗಳಿಗೆಯಲ್ಲಿ ಎಲ್ಲರ ಕಣ್ಣಿಗೂ ಭಾರವಾಗುತ್ತದೆ. ದೇವರಿಲ್ಲ ಎನ್ನುವುದು ಸುಲಭ, ಇನ್ನೊಬ್ಬರ ಮೈಯಲ್ಲಿ ತಲೆಮಾರುಗಳಿಂದ ಕೂತ ಭಯವನ್ನು ಅವರ ಪರವಾಗಿ ತಾನೇ ತೆಗೆದು ಬಿಸುಡುತ್ತೇನೆ ಎಂದು ಹೊರಡುವುದು ಎಷ್ಟು ಕ್ರೂರವಾಗಬಲ್ಲದು! ಒಬ್ಬ ನಾಸ್ತಿಕನನ್ನು ಇಷ್ಟು ಗೌರವದಿಂದ, ಇಷ್ಟು ಕಠಿಣವಾಗಿ ಪರೀಕ್ಷೆಗೊಡ್ಡಿದ ಇನ್ನೊಂದು ಕನ್ನಡ ಕಾದಂಬರಿ ನನಗೆ ಗೊತ್ತಿಲ್ಲ. ನಮ್ಮ ಹುಡುಗ ಇದನ್ನು ಓದಲೇಬೇಕು. ಹಿರಿಯರೂ ಓದಬೇಕು, ಏಕೆಂದರೆ ಆ ಕಲ್ಲಿನ ಹೆಸರಿನಲ್ಲಿ ಮನುಷ್ಯರನ್ನು ಅಂಗಳದಾಚೆ ನಿಲ್ಲಿಸಿದವರಿಗೂ ಪುಸ್ತಕ ವಿನಾಯಿತಿ ಕೊಡುವುದಿಲ್ಲ.

ಆದರೆ ಕಾದಂಬರಿ ದೊಡ್ಡದು, ಮುಗಿಸಲು ಸಮಯ ಬೇಕು. ಅಲ್ಲಿಯವರೆಗೆ ತಮಿಳಿನ ಪುದುಮೈಪಿತ್ತನ್ ಅವರ 1943ರ ಕಥೆಯೊಂದಿರಲಿ: ದೇವರು ನಮಗೆ ಹತ್ತಿರದ ಬ್ರಾಡ್‌ವೇಗೇ ಬಂದು, ಕಂದಸಾಮಿ ಪಿಳ್ಳೆಯೊಡನೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾನೆ. ಇದು ನಾಸ್ತಿಕ ಕಥೆಯೇ ಎಂಬ ಜಗಳ ನಮ್ಮಲ್ಲಿ ಏಳಲಿ ಎಂದೇ ಆರಿಸಿದ್ದೇನೆ. ತಮಿಳು ಓದಲು ಬರುವ ಟೀಚರ್ ಗಟ್ಟಿಯಾಗಿ ಓದಿ, ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳಲು ಒಪ್ಪಿದ್ದಾರೆ. 'ಭಾರತೀಪುರ'ದ ಪ್ರತಿಗಳನ್ನು ಬೆಂಗಳೂರಿನಿಂದ ತರಿಸಬೇಕು.