ಜೆಲಿಕೊ ಸಾಹೇಬರ ಪರವಾಗಿ

ನನ್ನ ಮಗಳಿಗೆ ಸ್ಟಾರ್ ಟ್ರೆಕ್ ಹುಚ್ಚು. ಕೋಲಾರದ ನಮ್ಮ ಮನೇಲಿ ಕರೆಂಟ್ ಇದ್ದಷ್ಟು ಹೊತ್ತೂ ಅವಳ ಲ್ಯಾಪ್‌ಟಾಪಲ್ಲಿ ಯಾವುದಾದರೊಂದು ಹಡಗು ಆಕಾಶದಲ್ಲಿ ಓಡ್ತಾ ಇರುತ್ತೆ. ಹೋದ ವಾರ ‘ನೆಕ್ಸ್ಟ್ ಜನರೇಷನ್’ ಸರಣಿಯ ‘ಚೈನ್ ಆಫ್ ಕಮಾಂಡ್’ ಅನ್ನೋ ಎರಡು ಕಂತು ಹಾಕಿದಳು. 1992ರ ಡಿಸೆಂಬರಿನವು. ‘ಅಪ್ಪಾ, ಇದರಲ್ಲಿ ಜೆಲಿಕೊ ಅಂತ ಒಬ್ಬ ಕ್ಯಾಪ್ಟನ್ ಬರ್ತಾನೆ. ಎಲ್ಲರೂ ಬೈಯೋದು ಅವನನ್ನೇ. ನೋಡು, ಮೈ ಉರಿಯುತ್ತೆ’ ಅಂದಳು.

ನೋಡಿದೆ. ಉರೀಲಿಲ್ಲ.

ನೋಡದೇ ಇರೋರಿಗೆ ಕತೆ ಇಷ್ಟು. ಎಂಟರ್‌ಪ್ರೈಸ್ ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಎಲ್ಲರ ಕಣ್ಮಣಿ. ಅವನನ್ನ ಯಾವುದೋ ಗುಟ್ಟಿನ ಕೆಲಸಕ್ಕೆ ಕಳಿಸಿ, ಹಡಗನ್ನ ಜೆಲಿಕೊ ಕೈಗೆ ಕೊಡ್ತಾರೆ. ಗಡಿಯಾಚೆ ಕಾರ್ಡಾಸಿಯನ್ನರು ಸೇನೆ ಜಮಾಯಿಸ್ತಿದ್ದಾರೆ, ಯುದ್ಧ ಇವತ್ತೋ ನಾಳೆಯೋ. ಬಂದವನೇ ಮೂರು ಪಾಳಿ ಇದ್ದದ್ದನ್ನ ನಾಲ್ಕು ಮಾಡು ಅಂತಾನೆ. ಬಣ್ಣದ ಬಟ್ಟೆ ಹಾಕ್ತಿದ್ದ ಟ್ರಾಯ್‌ಗೆ ಸಮವಸ್ತ್ರ ಹಾಕ್ಕೊಂಡು ಬಾಮ್ಮ ಅಂತಾನೆ. ಪಿಕಾರ್ಡ್ ಸಾಕಿದ್ದ ಮೀನನ್ನ ರೂಮಿಂದ ಹೊರಗೆ ಹಾಕಿಸ್ತಾನೆ. ಎಂಜಿನ್ ರಿಪೇರಿಗೆ ಎರಡೇ ದಿನ ಟೈಮ್ ಕೊಡ್ತಾನೆ. ಅಲ್ಲಿನ ಎಂಜಿನಿಯರ್ ಜಾರ್ಡಿ ಆಗಲ್ಲ ಅಂತ ಗೊಣಗಿದರೆ, ಪಕ್ಕದಲ್ಲಿರೋ ಡೇಟಾ, ಅವನು ಯಂತ್ರಮಾನವ, ದಾಕ್ಷಿಣ್ಯ ಗೊತ್ತಿಲ್ಲ, ಎಲ್ಲರೂ ದುಡಿದರೆ ಆಗುತ್ತೆ ಅಂತಾನೆ. ಹಗಲೂ ರಾತ್ರಿ ದುಡಿದರೆ ಅಂತ ಹೇಳು ಅಂತಾನೆ ಜಾರ್ಡಿ. ಜೆಲಿಕೊ ಪಾತ್ರ ಮಾಡಿದ ರಾನಿ ಕಾಕ್ಸ್ ಅದಕ್ಕೆ ಮುಂಚೆ ‘ರೋಬೋಕಾಪ್’, ‘ಟೋಟಲ್ ರಿಕಾಲ್’ ಎರಡರಲ್ಲೂ ವಿಲನ್. ಮುಖ ಕಂಡ ತಕ್ಷಣ ಜನ ತೀರ್ಮಾನ ಮಾಡಿರ್ತಾರೆ, ಬಿಡಿ.

ನನ್ನ ಕಣ್ಣು ಇದ್ದಿದ್ದು ಉಪನಾಯಕ ರೈಕರ್ ಮೇಲೆ. ನಾಲ್ಕು ಪಾಳಿ ಆಯ್ತಾ ಅಂತ ಜೆಲಿಕೊ ಕೇಳ್ತಾನೆ. ವಿಭಾಗದ ಮುಖ್ಯಸ್ಥರ ಹತ್ರ ಮಾತಾಡಿದೆ, ಜನಕ್ಕೆ ಬಹಳ ತೊಂದರೆ ಆಗುತ್ತಂತೆ ಅಂತಾನೆ ರೈಕರ್. ಅಂದ್ರೆ ಮಾಡಿಲ್ಲ. ಆ ಮಾತಿಗೆ ನಾನು ಕೂತಲ್ಲೇ ಸ್ವಲ್ಪ ಜರುಗಿದೆ. ಯಾಕಂದ್ರೆ ಆ ಉತ್ತರ ನಾನೂ ಕೊಟ್ಟಿದ್ದೀನಿ.

ಪಿಯುಸಿ ಮುಗಿಸಿ ಮಾಲೂರು ಕಡೆಯ ನಮ್ಮೂರ ಹಾಲಿನ ಡೈರಿಯಲ್ಲಿ ಟೆಸ್ಟರ್ ಆಗಿದ್ದೆ. ನಮ್ಮ ಕಾರ್ಯದರ್ಶಿ ಬಂಗಾರದಂಥ ಮನುಷ್ಯ. ಲೇಟಾಗಿ ಬಂದರೂ ‘ಹಾಕಣ್ಣ, ಹಾಕು’ ಅನ್ನೋರು. ಅವರಿಗೆ ಆಪರೇಷನ್ ಆಗಿ, ಮಾರ್ಚಿಯಿಂದ ಎರಡು ತಿಂಗಳಿಗೆ ಪಕ್ಕದೂರಿನವರೊಬ್ಬರು ಬಂದರು. ನಗು ಅನ್ನೋದು ಇರಲಿಲ್ಲ. ಎರಡನೇ ದಿನಕ್ಕೇ ನನ್ನ ಕರೆದು, ‘ನಾಳೆಯಿಂದ ಬೆಳಿಗ್ಗೆ ಆರಕ್ಕಲ್ಲ, ಐದೂವರೆಗೆ ಶುರು ಮಾಡಬೇಕು. ಲಾರಿ ಬರೋಷ್ಟರಲ್ಲಿ ಕ್ಯಾನು ಹೊರಗಿರಬೇಕು. ಅಧ್ಯಕ್ಷರ ಮನೆ ಹಾಲಿಗೂ ಲ್ಯಾಕ್ಟೋಮೀಟರ್ ಹಾಕು. ಎಲ್ಲರಿಗೂ ಹೇಳಿಬಿಡು’ ಅಂದರು.

ನಾನು ಯಾರಿಗೂ ಹೇಳಲಿಲ್ಲ. ಮಾರನೇ ದಿನ ಐದೂವರೆಗೆ ಅವರೊಬ್ಬರೇ ಬಾಗಿಲು ತೆಗೆದು ಕೂತಿದ್ದರು. ‘ಜನ ಆಗಲ್ಲ ಅಂತಾರೆ ಸಾರ್, ಹೆಂಗಸರಿಗೆ ಕಷ್ಟ’ ಅಂದೆ. ಒಬ್ಬ ಹೆಂಗಸನ್ನೂ ಕೇಳಿರಲಿಲ್ಲ. ಅವರು ಏನೂ ಅನ್ನದೆ ತಾವೇ ಮನೆ ಮನೆಗೆ ಹೋಗಿ ಹೇಳಿ ಬಂದರು. ಊರು ಬೈತು, ಆದರೆ ಬಂತು. ಅಧ್ಯಕ್ಷರ ಮನೆ ಹಾಲನ್ನ ಎರಡು ಸಲ ವಾಪಸ್ ಕಳಿಸಿದರು. ಅವರ ಬಗ್ಗೆ ಟೀ ಅಂಗಡೀಲಿ ಆಡಿಕೊಂಡು ನಗೋದರಲ್ಲಿ ನಾನೇ ಮುಂದು.

ಜೆಲಿಕೊನಲ್ಲಿ ತಪ್ಪಿಲ್ಲ ಅಂತಲ್ಲ. ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಲ್ಲ. ಪಿಕಾರ್ಡ್ ಶತ್ರು ಕೈಗೆ ಸಿಕ್ಕಿ ಚಿತ್ರಹಿಂಸೆ ಅನುಭವಿಸ್ತಿರುವಾಗ ಅವನು ಬಾಯಿ ಬಿಡದೆ ಕೂರೋದು ನನಗೂ ಸಹಿಸಕ್ಕಾಗಲಿಲ್ಲ. ಆದರೆ ಶತ್ರು ಹಡಗುಗಳು ಅಡಗಿದ್ದ ನೀಹಾರಿಕೆಯೊಳಗೆ ಮೈನ್ ಇಡಿಸಿ, ಒಂದು ಗುಂಡು ಹಾರಿಸದೆ ಅವರನ್ನ ವಾಪಸ್ ಓಡಿಸಿ, ಪಿಕಾರ್ಡನ್ನೂ ಬಿಡಿಸಿಕೊಂಡು ಬಂದವನು ಅವನೇ. ಮೈನ್ ಇಡೋ ನೌಕೆ ಓಡಿಸಕ್ಕೆ ರೈಕರನೇ ಬೇಕು. ತಾನೇ ಕೆಲಸದಿಂದ ತೆಗೆದಿದ್ದ ಅವನ ರೂಮಿಗೆ ಹೋಗ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡರೆ ಆಗಲ್ಲ ಅಂತ ಮುಖಕ್ಕೇ ಹೇಳಿಕೊಳ್ತಾರೆ. ಕೊನೆಗೆ ಜೆಲಿಕೊ ಕೇಳ್ತಾನೆ, ರೈಕರ್ ಒಪ್ತಾನೆ. ನಮ್ಮ ಡೈರೀಲಿ ಆ ಸೀನ್ ನಡೀಲೇ ಇಲ್ಲ.

ಮಗಳು ‘ಅವನ ರೂಮಲ್ಲಿ ಅದೇನು ಆನೆ ಚಿತ್ರ, ಗಮನಿಸಿದೆಯಾ? ಅವನ ಮಗ ಬರೆದದ್ದು’ ಅಂದಳು. ಗಮನಿಸಿದ್ದೆ. ನಮ್ಮ ಬದಲಿ ಕಾರ್ಯದರ್ಶಿಗೆ ಮಕ್ಕಳಿದ್ದರಾ, ಎಷ್ಟು ಜನ, ನಾನು ಕೇಳಿರಲಿಲ್ಲ. ಅವರು ಬಸ್ ಹತ್ತಿದ ದಿನ ನಾನು ಕ್ಯಾನು ತೊಳೀತಿದ್ದೆ. ನೋಡಿದೆ, ಮತ್ತೆ ತೊಳೆಯೋದು ಮುಂದುವರಿಸಿದೆ.

ಹಳೇ ಕಾರ್ಯದರ್ಶಿ ವಾಪಸ್ ಬಂದರು. ಟೈಮ್ ಮತ್ತೆ ಆರು ಗಂಟೆ ಆಯ್ತು, ಲಾರಿ ಮತ್ತೆ ನಮ್ಮೂರಲ್ಲಿ ಅರ್ಧ ಗಂಟೆ ಕಾಯೋಕೆ ಶುರು ಮಾಡ್ತು. ಆ ಮೇ ತಿಂಗಳ ಬಿಸಿಲಿಗೆ ಮೂರು ಸಲ ಹಾಲು ಒಡೆದು ಕ್ಯಾನು ವಾಪಸ್ ಬಂದವು. ಯಾರೂ ಯಾರನ್ನೂ ಬೈಯಲಿಲ್ಲ.